ಸಣ್ಣ ಫ್ಲಶ್ಶಿನ ಸಂಕಟ

ಕೈಯಲ್ಲಿ ಕಳಾವರಿನ ಐದು, ಆರು; ಮೇಜಿನ ಮೇಲೆ ತೆರೆದ ಮೊದಲ ಮೂರೆಲೆಗಳೂ ಕಳಾವರೇ! ಒಂದೇ ಜಾತಿಯ ಎರಡೆಲೆ ಹಿಡಿದವನಿಗೆ ಇಂಥ ಫ್ಲಶ್ ಒಲಿಯುವುದು ಸುಮಾರು 119 ಬಾರಿಗೊಮ್ಮೆ. ಆದರೂ ಟೆಕ್ಸಾಸ್ ಮೂಲದ ನೋ-ಲಿಮಿಟ್ ಹೋಲ್ಡೆಮ್ ಪೋಕರಿನಲ್ಲಿ ಸಣ್ಣ ಫ್ಲಶ್ಶನ್ನು ಗೆಲುವೆಂದೇ ನಂಬುವಂತಿಲ್ಲ. ಇನ್ನೆರಡು ಎಲೆಗಳಲ್ಲಿ ನಾಲ್ಕನೆಯ ಕಳಾವರ್ ಬೀಳುವ ಸಂಭವ ಶೇಕಡಾ 31. ಬಿದ್ದರೆ, ಎದುರಾಳಿಯ ಬಳಿ ಒಂಟಿ ಕಳಾವರ್ ಗುಲಾಮನಿದ್ದರೂ ನಾವು ಸೋತಂತೆ. ಆದ್ದರಿಂದ ಆರಂಭದಲ್ಲಿಯೇ ಪಣವೇರಿಸಿ, ಒಂಟಿ ಎಲೆಯ ಆಸೆಗಾರರಿಂದ ಬೆಲೆ ತೆರಿಸಬೇಕು.

ಊರಿನ ರಮ್ಮಿಯಲ್ಲಿ ಪಳಗಿದ ನಮ್ಮವರಿಗೆ ಕೂಡಿಬಂದ ಎಲೆಗಳನ್ನು ಕೈಬಿಡುವುದು ಕಷ್ಟವೇ ಸರಿ. ಇಲ್ಲಿ ಪಣಕ್ಕೆ ಮಿತಿಯಿಲ್ಲ. ಮುಂದಿರಿಸಿಕೊಂಡ ಹಣವೆಲ್ಲವೂ ಒಂದೇ ಆಟಕ್ಕೆ ಹೋದೀತು. ನಾಲ್ಕನೆಯ ಕಳಾವರ್ ಬಿದ್ದೊಡನೆ, ಅದುವರೆಗೂ ಮೌನವಾಗಿದ್ದ ಆಟಗಾರನು ಸರ್ವಸ್ವವನ್ನೂ ಮುಂದೊತ್ತಿದರೆ, ಎಲೆಗಳನ್ನು ಮಗುಚಿಟ್ಟು ಸುಮ್ಮನಾಗುವುದೇ ಲೇಸು.