ಗೇರ್ ಹಲ್ಲಿನ ಆ ಒಂದು ಮಿಲಿಮೀಟರ್

ಹಾವೇರಿ ಬಸ್ ಸ್ಟ್ಯಾಂಡಿನಿಂದ ಹೊರಡೋ ಬಸ್ಸಿನ ಗೇರ್‌ಬಾಕ್ಸ್. ರಾಣೆಬೆನ್ನೂರು ಕಡೆಯ ಗೋವಿನಜೋಳದ ಹೊಲದಲ್ಲಿ ಹೆಂಟೆ ಒಡೆಯೋ ರೋಟಾವೇಟರ್. ಬ್ಯಾಡಗಿಯ ಖಾರದಪುಡಿ ಕಾರ್ಖಾನೆಯಲ್ಲಿ ತಿರುಗೋ ಚೈನು. ಈ ಮೂರಕ್ಕೂ ಒಂದು ನಂಟಿದೆ. ಮೂರರ ಬಾಳಿಕೆಯೂ ನಿಂತಿರೋದು ಒಂದು ಮಿಲಿಮೀಟರ್ ಆಸುಪಾಸಿನ ತೆಳು ಪದರದ ಮೇಲೆ. ಅದು ಬಣ್ಣ ಅಲ್ಲ, ಲೇಪನವೂ ಅಲ್ಲ. ಅದೇ ಉಕ್ಕು, ಆದರೆ ಅದರ ಹೊರಮೈಗೆ ಮಾತ್ರ ಇಂಗಾಲ ಉಣಿಸಿರುತ್ತಾರೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಕಾರ್ಬರೈಸಿಂಗ್ ಅಂತಾರೆ, ವರ್ಕ್‌ಶಾಪಿನಲ್ಲಿ ಕೇಸ್ ಹಾರ್ಡನಿಂಗ್.

ನಾನು ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕೋಡ್ ಕೆಟ್ಟರೆ ತಿದ್ದಿ ಮತ್ತೆ ಓಡಿಸಬಹುದು. ಬಿತ್ತನೆ ಹೊತ್ತಲ್ಲಿ ಗೇರ್ ಕೆಟ್ಟರೆ ಆ ಸೌಲಭ್ಯ ಇಲ್ಲ.

ಉಪ್ಪಿನಕಾಯಿಗೆ ಉಪ್ಪು ಹಿಡಿದಂತೆ

ಗೇರಿನ ಹಲ್ಲಿಗೆ ಎರಡು ಗುಣ ಬೇಕು. ಉಜ್ಜಾಟಕ್ಕೆ ಸವೆಯಬಾರದು, ಅಂದರೆ ಮೇಲ್ಮೈ ಬಿರುಸಾಗಿರಬೇಕು. ಹೊಡೆತ ಬಿದ್ದರೆ ಮುರಿಯಬಾರದು, ಅಂದರೆ ಒಳಗೆ ತುಸು ಮೆದು ಇರಬೇಕು. ಇಂಗಾಲ ಹೆಚ್ಚಿರುವ ಉಕ್ಕನ್ನು ಪೂರ್ತಿ ಗಡಸು ಮಾಡಿದರೆ ಸವೆಯಲ್ಲ, ಆದರೆ ಪಟ್ಟನೆ ಮುರಿಯುತ್ತೆ. ಇಂಗಾಲ ಕಡಿಮೆ ಇದ್ದರೆ ಮುರಿಯಲ್ಲ, ಬೇಗ ಸವೆಯುತ್ತೆ.

ಇದಕ್ಕೆ ಉಪಾಯ ಸರಳ. ಶೇಕಡಾ 0.2ರಷ್ಟು ಇಂಗಾಲ ಇರುವ ಮೆದು ಉಕ್ಕಿನಲ್ಲಿ ಗೇರ್ ಮಾಡ್ತಾರೆ. ಆಮೇಲೆ ಇಂಗಾಲ ತುಂಬಿದ ಅನಿಲ ಇರುವ ಕುಲುಮೆಯಲ್ಲಿ 900ರಿಂದ 950 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ತಾಸು ಇಡ್ತಾರೆ. ಆ ಶಾಖದಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ, ಇಂಗಾಲಕ್ಕೆ ಒಳಗೆ ಜಾಗ ಸಿಗುತ್ತೆ. ಮಾವಿನಕಾಯಿ ಹೋಳಿಗೆ ಉಪ್ಪು ಹಿಡಿದ ಹಾಗೆ, ಹೊರಗಿಂದ ಒಳಕ್ಕೆ ನಿಧಾನವಾಗಿ ಇಳಿಯುತ್ತೆ. ಹೊರಮೈಯಲ್ಲಿ ಇಂಗಾಲ ಶೇಕಡಾ 0.8ರ ಹತ್ತಿರ ಬಂದಾಗ ಎಣ್ಣೆಯಲ್ಲಿ ಅದ್ದಿ ತಟ್ಟನೆ ತಣಿಸ್ತಾರೆ. ಕೊನೆಗೆ 150ರಿಂದ 200 ಡಿಗ್ರಿಯಲ್ಲಿ ಮತ್ತೊಮ್ಮೆ ಕಾಯಿಸಿ ಬಿಗಿ ಇಳಿಸ್ತಾರೆ. ಆಗ ಹೊರಮೈಯ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62. ಒಳಗಿನ ಉಕ್ಕು ಹೊಡೆತ ತಾಳುವಷ್ಟು ಮೆದುವಾಗೇ ಉಳಿಯುತ್ತೆ.

ಇಲ್ಲಿ ಅವಸರ ನಡೆಯಲ್ಲ. ಪದರ ಎರಡು ಪಟ್ಟು ಆಳ ಬೇಕಂದ್ರೆ ಸಮಯ ಎರಡಲ್ಲ, ಸುಮಾರು ನಾಲ್ಕು ಪಟ್ಟು ಬೇಕು. ತಾಸು ಹೆಚ್ಚಿದಷ್ಟೂ ಇಂಧನದ ಖರ್ಚು. ಕಳಪೆ ಮಾಲು ಮಾಡೋರು ಉಳಿತಾಯಕ್ಕೆ ಕೈಹಾಕೋದು ಇಲ್ಲೇ, ಯಾಕಂದ್ರೆ ಹೊರಗೆ ಏನೂ ಕಾಣಲ್ಲ.

ಕಮ್ಮಾರರು ಮಾಡೋದೂ ಇದೇನಾ?

ಊರಿನ ಕುಲುಮೆಯಲ್ಲಿ ಕುಡಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದೋದನ್ನು ನಾವೆಲ್ಲ ನೋಡಿದ್ದೇವೆ. ಇದ್ದಿಲಿನ ಇಂಗಾಲ ಕುಡಗೋಲಿಗೆ ಹತ್ತುತ್ತೆ ಅಂತ ಅಂದುಕೊಳ್ಳೋದು ಸಹಜ. ಆದರೆ ತಿದಿಯಿಂದ ಗಾಳಿ ನುಗ್ಗೋ ತೆರೆದ ಬೆಂಕಿಯಲ್ಲಿ, ಅಷ್ಟು ಕಡಿಮೆ ಹೊತ್ತಲ್ಲಿ ಲೆಕ್ಕಕ್ಕೆ ಬರುವಷ್ಟು ಇಂಗಾಲ ಒಳಗೆ ಹೋಗಲ್ಲ. ಕಮ್ಮಾರರ ಜಾಣತನ ಇರೋದು ಉಕ್ಕಿನ ಆಯ್ಕೆಯಲ್ಲಿ. ಲಾರಿಯ ಹಳೇ ಪಾಟಾದಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚು ಇಂಗಾಲ ಮೊದಲೇ ಇರುತ್ತೆ, ಹಾಗಾಗಿ ಅದು ಹದಕ್ಕೆ ಬರುತ್ತೆ. ಅದೇ ಬೆಂಕಿ, ಅದೇ ನೀರಿನಲ್ಲಿ ಕಿಟಕಿಯ ಸರಳನ್ನು ಅದ್ದಿದರೆ ಅಂಥ ಬಿರುಸು ಬರಲ್ಲ.

ಹಾಗಂತ ಕಬ್ಬಿಣಕ್ಕೆ ಇಂಗಾಲ ಉಣಿಸೋದು ಹೊರಗಿಂದ ಬಂದ ವಿದ್ಯೆಯೇನಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲಿಷಿನವರು ಆ ಉಕ್ಕಿಗೆ ಹೇಳೋ ‘ವೂಟ್ಜ್’ ಅನ್ನೋ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತು ಅನ್ನೋದು ಹಲವು ವಿದ್ವಾಂಸರ ಅಭಿಪ್ರಾಯ. ಮೂಸೆಯಲ್ಲಿ ಇಂಗಾಲ ಇಡೀ ಗಟ್ಟಿಗೆ ಹರಡುತ್ತಿತ್ತು. ಗೇರಿನಲ್ಲಿ ಅದನ್ನು ಚರ್ಮದಷ್ಟಕ್ಕೇ ನಿಲ್ಲಿಸ್ತಾರೆ, ವ್ಯತ್ಯಾಸ ಅಷ್ಟೇ.

ಒಂದು ಅರದ ಪರೀಕ್ಷೆ

ನಮ್ಮ ಕಾಕಾನ ರೋಟಾವೇಟರಿನ ಗೇರ್ ಹಾಕಿಸಿ ವರ್ಷ ತುಂಬೋದರೊಳಗೇ ಸವೆದಿತ್ತು. ಅರ್ಧ ಬೆಲೆಗೆ ಸಿಕ್ಕಿದ್ದ ಗೇರ್ ಅದು. ರಾಣೆಬೆನ್ನೂರಿನ ಮೆಕ್ಯಾನಿಕ್ ಅದರ ಅಂಚಿನ ಮೇಲೆ ಅರ ಎಳೆದರು. ಕರ್ರ್ ಅಂತ ಕಚ್ಚಿ ಪುಡಿ ಉದುರಿತು. ಒಳ್ಳೇ ಗೇರಿನ ಮೇಲೆ ಎಳೆದರೆ ಗಾಜಿನ ಮೇಲೆ ಎಳೆದಂಗೆ ಜಾರಿತು. “ನೋಡ್ರಿ ಕಾಕಾ, ಇದಕ ಹದಾನ ಕೊಟ್ಟಿಲ್ಲ. ಎಷ್ಟ ಗ್ರೀಸ್ ಹಚ್ಚಿದ್ರೂ ತಡಿಯಂಗಿಲ್ಲ” ಅಂದರು.

ಸರಿಯಾದ ಗೇರ್ ಬಂದು ಕೂಡೋ ಹೊತ್ತಿಗೆ ಮೂರು ದಿನ ಹೋಯ್ತು. ಅಕ್ಕಪಕ್ಕದವರೆಲ್ಲ ಬಿತ್ತಿ ಮುಗಿಸಿದ್ದರು, ನಮ್ಮ ಹೊಲದ ಹದ ಆರಿತ್ತು. ಮುಂದಿನ ಮಳೆಗೆ ಕಾಯಬೇಕಾಯ್ತು. ಉಕ್ಕಿನ ಹದ ತಪ್ಪಿದ್ದಕ್ಕೆ ನೆಲದ ಹದವೂ ತಪ್ಪಿತು.

ನಮ್ಮಲ್ಲಿ ಎಷ್ಟೋ ಜನ ಊರಿಗೆ ದುಡ್ಡು ಕಳಿಸ್ತೀವಿ, ಫೋನಲ್ಲೇ ಬಿಡಿಭಾಗ ಆರ್ಡರ್ ಮಾಡಿ ಮನೆಗೆ ತಲುಪಿಸ್ತೀವಿ. ಅಂಥವರು ನಾಲ್ಕು ಮಾತು ನೆನಪಿಟ್ಟುಕೊಳ್ಳಿ.

ಗೇರ್, ಪಿನ್ ಕೊಳ್ಳುವಾಗ ಕೇಸ್ ಹಾರ್ಡನಿಂಗ್ ಆಗಿದೆಯಾ, ಪದರ ಎಷ್ಟು ಆಳ ಅಂತ ಕೇಳಿ. ಒಳ್ಳೇ ತಯಾರಕರ ಬಳಿ ಉತ್ತರ ಇರುತ್ತೆ.

ಹಲ್ಲು ಒರಟಾಗಿದೆ ಅಂತ ಗ್ರೈಂಡರ್ ಹಿಡಿಸಬೇಡಿ. ಆ ಒಂದು ಮಿಲಿಮೀಟರ್ ಹೋದರೆ ಉಳಿಯೋದು ಬರೀ ಮೆದು ಉಕ್ಕು.

ಸಿಕ್ಕಿಕೊಂಡ ಗೇರ್ ಬಿಚ್ಚೋಕೆ ಗ್ಯಾಸ್ ಬೆಂಕಿ ಹಿಡಿದರೂ, ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿದರೂ ಗಡಸು ಇಳಿಯುತ್ತೆ. ವೆಲ್ಡಿಂಗ್ ಜಾಗದಲ್ಲಿ ಬಿರುಕು ಬಿಡುವ ಸಾಧ್ಯತೆಯೂ ಹೆಚ್ಚು.

ಅರ ಜಾರಿದ್ರೆ ಮೇಲ್ಮೈ ಗಟ್ಟಿ ಅಂತಷ್ಟೇ ಅರ್ಥ, ಪದರದ ಆಳ ಅದರಿಂದ ಗೊತ್ತಾಗಲ್ಲ. ಆದರೆ ಅರ ಕಚ್ಚಿದ್ರೆ ಆ ಗೇರನ್ನು ಅಲ್ಲೇ ವಾಪಸ್ ಕೊಡಿ. ಮುಂಗಾರಿಗೆ ಮುಂಚೆ ಊರಿಗೆ ಹೋಗ್ತಿದ್ದರೆ ಟ್ರ್ಯಾಕ್ಟರಿನ ಟೂಲ್ ಬಾಕ್ಸಿಗೆ ಒಂದು ಒಳ್ಳೇ ಅರ ತಗೊಂಡು ಹೋಗಿ.