ಲೆಕ್ಕದ ಹಾಳೆಯಲ್ಲಿ ವಿಶೇಷ ಚಿಹ್ನೆಗಳು

ಎಕ್ಸೆಲ್‌ನಂಥ ಲೆಕ್ಕದ ಹಾಳೆಯಲ್ಲಿ ಒಂದು ಸೆಲ್‌ಗೆ ಏನನ್ನು ಬರೆದರೂ ತಂತ್ರಾಂಶ ಅದನ್ನು ಸಂಖ್ಯೆ, ಪಠ್ಯ ಅಥವಾ ಸೂತ್ರ ಎಂದು ವಿಂಗಡಿಸುತ್ತದೆ. ಹೀಗಾಗಿ ₹, °, ½, ✓ ಮುಂತಾದ ಚಿಹ್ನೆಗಳ ಬಳಕೆಯಲ್ಲಿ ಎರಡು ಕೆಲಸಗಳಿವೆ. ಕೀಲಿಮಣೆಯಲ್ಲಿ ಇಲ್ಲದ ಚಿಹ್ನೆಯನ್ನು ತರಬೇಕು. ಅದು ಬಂದ ಮೇಲೂ ಲೆಕ್ಕ ಕೂಡಬೇಕು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂಥ ಹೋಬಳಿಗಳಲ್ಲಿ ಸರ್ವೆ ನಂಬರು, ಎಕರೆ–ಗುಂಟೆ, ಡೇರಿ ಹಾಲಿನ ಲೀಟರು, ಬಟವಾಡೆಯ ರೂಪಾಯಿ ಎಲ್ಲಕ್ಕೂ ಈ ತಿಳಿವಳಿಕೆ ಬೇಕು.

ರೂಪಾಯಿ ಚಿಹ್ನೆ

ಡಿ. ಉದಯಕುಮಾರ್ ವಿನ್ಯಾಸಗೊಳಿಸಿದ ₹ ಚಿಹ್ನೆಯನ್ನು ಕೇಂದ್ರ ಸಂಪುಟ 2010ರ ಜುಲೈ 15ರಂದು ಒಪ್ಪಿತು. ಅದೇ ವರ್ಷ ಅದು ಯೂನಿಕೋಡ್ 6.0 ಆವೃತ್ತಿಗೆ ಸೇರಿತು. ವಿಂಡೋಸ್‌ನಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಕೀಲಿಮಣೆಯನ್ನು ಆಯ್ದುಕೊಂಡು ಬಲಗಡೆಯ ಆಲ್ಟ್ ಕೀಲಿಯೊಡನೆ 4 ಒತ್ತಿದರೆ ಅದು ಮೂಡುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಆಯ್ಕೆ ಭಾರತದ್ದಾಗಿದ್ದರೆ ‘₹500’ ಎಂಬುದನ್ನು ಎಕ್ಸೆಲ್ ಹಣವೆಂದೇ ತಿಳಿಯುತ್ತದೆ. ‘ರೂ. 500’ ಎಂದು ಬರೆದರೆ ಮಾತ್ರ ಅದು ಪಠ್ಯವಾಗುತ್ತದೆ, ಮೊತ್ತಕ್ಕೆ ಸೇರುವುದಿಲ್ಲ. ಲಕ್ಷ, ಕೋಟಿಯ ಜಾಗದಲ್ಲಿ ಅಲ್ಪವಿರಾಮ ಬೀಳುವುದೂ ಇದೇ ಆಯ್ಕೆಯಿಂದ.

ಉಳಿದ ಚಿಹ್ನೆಗಳು

ಆಲ್ಟ್ ಕೀಲಿಯನ್ನು ಹಿಡಿದುಕೊಂಡು ಬಲಬದಿಯ ಅಂಕಿಫಲಕದಲ್ಲಿ 0176 ಒತ್ತಿದರೆ °, 0178ಕ್ಕೆ ², 0189ಕ್ಕೆ ½, 0215ಕ್ಕೆ × ಬರುತ್ತವೆ. ಅಂಕಿಫಲಕವಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇನ್ಸರ್ಟ್ ಪಟ್ಟಿಯ ‘ಸಿಂಬಲ್’ ಅನುಕೂಲ. ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯೊಡನೆ ಪೂರ್ಣವಿರಾಮ ಒತ್ತಿದರೂ ಚಿಹ್ನೆಗಳ ಫಲಕ ತೆರೆಯುತ್ತದೆ. ಎಕ್ಸೆಲ್ 2013ರಿಂದ ‘ಯೂನಿಕ್ಯಾರ್’ ಎಂಬ ಸೂತ್ರವೂ ಇದೆ: ಅದರ ಕಂಸದೊಳಗೆ 8377 ಕೊಟ್ಟರೆ ₹, 10003 ಕೊಟ್ಟರೆ ✓ ಸಿಗುತ್ತದೆ. ಲಿಬ್ರೆ ಆಫೀಸ್‌ನ ಕ್ಯಾಲ್ಕ್, ಗೂಗಲ್ ಶೀಟ್ಸ್‌ಗಳಲ್ಲಿಯೂ ಈ ಸೂತ್ರ ನಡೆಯುತ್ತದೆ.

ನುಡಿ ಫಾಂಟಿನ ತೊಡಕು

ಕನ್ನಡದ ಹಾಳೆಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಯೂನಿಕೋಡ್ ಬಳಸುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಸಂಖ್ಯೆಗಳ ಮೇಲೆಯೇ ಅವು ಕನ್ನಡದ ಆಕಾರಗಳನ್ನು ಕೂರಿಸಿವೆ. 176ನೇ ಜಾಗದಲ್ಲಿ ‘ಲಿ’, 178ರಲ್ಲಿ ‘ಶಿ’, 189ರಲ್ಲಿ ‘ಳಿ’ ಇವೆ. ಅಂಥ ಫಾಂಟಿನ ಸೆಲ್‌ನಲ್ಲಿ 38° ಎಂದು ಬರೆಯಲು ಹೊರಟರೆ ‘38ಲಿ’ ಆಗುತ್ತದೆ. 1½ ‘1ಳಿ’ ಆಗುತ್ತದೆ. ತಿರುಗಿಸಿ ನೋಡಿದರೆ, ನುಡಿಯಲ್ಲಿ ‘ಹಳ್ಳಿ’ ಎಂದು ಬರೆದಿದ್ದ ಸೆಲ್‌ನ ಫಾಂಟು ಬದಲಾದಾಗ ಪದದ ನಡುವೆ ½ ತಲೆಯೆತ್ತುತ್ತದೆ.

ಪಠ್ಯದ ಸೆಲ್‌ನಲ್ಲಿ ಆ ಒಂದು ಚಿಹ್ನೆಯನ್ನು ಮಾತ್ರ ಆಯ್ದು ಅದರ ಫಾಂಟನ್ನು ಏರಿಯಲ್‌ಗೆ ಬದಲಿಸಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಸಂಖ್ಯೆಯ ಸೆಲ್‌ನಲ್ಲಿಯೂ ಸೂತ್ರದ ಸೆಲ್‌ನಲ್ಲಿಯೂ ಹೀಗೆ ಎರಡು ಫಾಂಟು ಬೆರೆಸಲಾಗದು. ಶಾಶ್ವತ ಪರಿಹಾರ ಯೂನಿಕೋಡ್ ಕನ್ನಡ. ತುಂಗಾ, ನಿರ್ಮಲಾ ಯುಐ ಫಾಂಟುಗಳಲ್ಲಿ ಅಕ್ಷರಕ್ಕೂ ಚಿಹ್ನೆಗೂ ಬೇರೆ ಬೇರೆ ಸಂಕೇತಸಂಖ್ಯೆ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ಗೆರೆ, ಚುಕ್ಕಿ, ಭಿನ್ನರಾಶಿ

ಕೀಲಿಮಣೆಯಲ್ಲೇ ಇರುವ ಚಿಹ್ನೆಗಳೂ ಎಚ್ಚರ ಬೇಡುತ್ತವೆ. ಸರ್ವೆ ನಂಬರು 12/3, ವಿಸ್ತೀರ್ಣ 2-10 ಎಂದು ಬರೆದು ಎಂಟರ್ ಒತ್ತಿದೊಡನೆ ಎರಡೂ ತಾರೀಖುಗಳಾಗುತ್ತವೆ. ಸರ್ವೆ ನಂಬರಿನ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಬೇಕು, ಇಲ್ಲವೇ ನಂಬರಿನ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಬೇಕು. ಅದು ಸೆಲ್‌ನಲ್ಲಿ ಕಾಣುವುದಿಲ್ಲ.

ವಿಸ್ತೀರ್ಣಕ್ಕೆ ಚುಕ್ಕಿಯೂ ಸಲ್ಲದು. ಎಕರೆಗೆ 40 ಗುಂಟೆ. 1 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿದರೆ 3 ಎಕರೆ 10 ಗುಂಟೆ. ಆದರೆ 1.30, 1.20 ಎಂದು ಬರೆದರೆ ಹಾಳೆ 2.50 ಎನ್ನುತ್ತದೆ. ಎಕರೆಗೊಂದು, ಗುಂಟೆಗೊಂದು ಕಾಲಮ್ ಇರಬೇಕು. ಅರ್ಧ, ಕಾಲು ಬರೆಯುವಾಗ ½ ಚಿಹ್ನೆ ಹಾಕಿದರೆ ಅದು ಪಠ್ಯ. ಸೊನ್ನೆ, ಒಂದು ಖಾಲಿ ಜಾಗ, ಆಮೇಲೆ 1/2 ಎಂದು ಬರೆದರೆ ಎಕ್ಸೆಲ್ ಅದನ್ನು 0.5 ಎಂದೇ ಇಟ್ಟುಕೊಳ್ಳುತ್ತದೆ. ಕನ್ನಡ ಅಂಕಿಗಳಲ್ಲಿ ‘೨೫೦’ ಎಂದು ಬರೆದರೂ ಎಕ್ಸೆಲ್‌ಗೆ ಅದು ಪಠ್ಯ. ಕೂಡಬೇಕಾದ ಕಾಲಮ್ಮಿನಲ್ಲಿ 250 ಎಂದೇ ಬರೆಯಬೇಕು.

ಅಳತೆಯ ಗುರುತು

ಲೀಟರು, ಕಿಲೋ, ಡಿಗ್ರಿಯ ಗುರುತನ್ನು ಸೆಲ್‌ನೊಳಗೆ ಬರೆಯದೆ ಸಂಖ್ಯೆಯ ರೂಪಕ್ಕೆ ಸೇರಿಸುವುದು ಉತ್ತಮ. ಕಂಟ್ರೋಲ್ ಮತ್ತು 1 ಒತ್ತಿ, ‘ಕಸ್ಟಮ್’ ಆಯ್ದು, 0.0 "ಲೀ" ಎಂದು ಕೊಟ್ಟರೆ 8.5 ಎಂದು ಬರೆದದ್ದು ‘8.5 ಲೀ’ ಎಂದು ಕಾಣುತ್ತದೆ. ಒಳಗಿನ ಸಂಖ್ಯೆ ಹಾಗೆಯೇ ಇರುತ್ತದೆ. ಕೂಡಬಹುದು, ದರದಿಂದ ಗುಣಿಸಬಹುದು.

ಕೊನೆಗೆ ಒಂದು ತಪಾಸಣೆ ಅಗತ್ಯ. ಜೋಡಣೆಯನ್ನು ಬದಲಿಸದ ಹಾಳೆಯಲ್ಲಿ ಸಂಖ್ಯೆ ಬಲಕ್ಕೂ ಪಠ್ಯ ಎಡಕ್ಕೂ ಸರಿಯುತ್ತವೆ. ಮೊತ್ತ ಹಾಕುವ ಮೊದಲು ಎಡಕ್ಕೆ ಸರಿದ ಸೆಲ್‌ಗಳನ್ನು ಹುಡುಕಿ ತಿದ್ದಿದರೆ, ಚಿಹ್ನೆಯ ಕಾರಣದಿಂದ ಯಾರ ಹಾಲೂ ಯಾರ ಹಣವೂ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ.