ಕೊಲೆಗಡುಕರ ಕಥೆಯಲ್ಲಿ ನಗೆ

ಸಾವಿನ ಮುಂದೆ ನಗುವುದನ್ನು ನಾವು ಅಪಚಾರವೆಂದೇ ಎಣಿಸುತ್ತೇವೆ. ಆದರೂ ಕರಾಳ ಹಾಸ್ಯವೆಂಬ ಪ್ರಕಾರವೊಂದುಂಟು. ಅದರ ಮರ್ಮವನ್ನು ತಿಳಿಯಲು 2008ರಲ್ಲಿ ತೆರೆಕಂಡ ‘ಇನ್ ಬ್ರೂಜ್’ ಎಂಬ ಇಂಗ್ಲಿಷ್ ಚಿತ್ರವನ್ನು ನೋಡಬೇಕು. ಇದನ್ನು ಬರೆದು ನಿರ್ದೇಶಿಸಿದವರು ನಾಟಕಕಾರ ಮಾರ್ಟಿನ್ ಮೆಕ್‌ಡೊನಾ.

ಕೂಲಿಗೆ ಕೊಲ್ಲುವ ಐರಿಷ್ ತರುಣ ರೇ ಪಾದ್ರಿಯೊಬ್ಬನಿಗೆ ಹಾರಿಸಿದ ಗುಂಡು, ಇಗರ್ಜಿಯಲ್ಲಿದ್ದ ಪುಟ್ಟ ಬಾಲಕನನ್ನೂ ಬಲಿತೆಗೆದುಕೊಳ್ಳುತ್ತದೆ. ಯಜಮಾನ ಹ್ಯಾರಿ ಅವನನ್ನು ಹಿರಿಯ ಜೊತೆಗಾರ ಕೆನ್‌ನೊಡನೆ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದಲ್ಲಿ ಅಡಗಿರಲು ಕಳುಹಿಸುತ್ತಾನೆ. ಅಲ್ಲಿಯ ಕಾಲುವೆಗಳು, 83 ಮೀಟರ್ ಎತ್ತರದ ಗಂಟೆಗೋಪುರ ಕೆನ್‌ಗೆ ಅಚ್ಚುಮೆಚ್ಚು. ರೇಗೋ ಎಲ್ಲವೂ ಬೇಸರ. ಇವರ ಈ ಜಗ್ಗಾಟವೇ ಮೊದಲ ನಗೆಗೆ ಕಾರಣ.

ಮುಂದೆ, ರೇಯನ್ನು ಕೊಲ್ಲುವಂತೆ ಕೆನ್‌ಗೆ ಅಪ್ಪಣೆ ಬರುತ್ತದೆ. ಪಿಸ್ತೂಲು ಹಿಡಿದು ಹಿಂದಿನಿಂದ ಹೋದರೆ, ಪಶ್ಚಾತ್ತಾಪದಿಂದ ಬೆಂದ ರೇ ತನ್ನ ತಲೆಗೆ ತಾನೇ ಗುಂಡಿಟ್ಟುಕೊಳ್ಳುತ್ತಿದ್ದಾನೆ! ಕೊಲ್ಲಬಂದವನೇ ಕೂಗಿ ತಡೆಯುತ್ತಾನೆ. ನಾವು ಒಮ್ಮೆಲೇ ನಗುತ್ತೇವೆ. ಮರುಗಳಿಗೆಗೆ ಗಂಟಲು ಕಟ್ಟುತ್ತದೆ.

ಕರಾಳ ಹಾಸ್ಯದ ಮರ್ಮವಿದೇ. ಇಲ್ಲಿ ನಗೆ ಪಾಪವನ್ನು ಹಗುರಮಾಡುವುದಿಲ್ಲ. ಪಾಪಿಯೂ ಮನುಷ್ಯನೆಂದು ನೆನಪಿಸುತ್ತದೆ. ಊರು ಬಿಟ್ಟು ಓಡಿದವನು ಪೊಲೀಸರಿಂದ ತಪ್ಪಿಸಿಕೊಂಡಾನು. ಸತ್ತ ಮಗುವಿನ ನೆನಪಿನಿಂದ ತಪ್ಪಿಸಿಕೊಳ್ಳಲಾರ.